ಕಡತಸೃಷ್ಟಿಯ ಉಪಕರಣಕ್ಕೆ ವಿವರಣೆ ಬರೆಯುವ ಕ್ರಮ

೧. ವಿಷಯ ಮತ್ತು ಪ್ರಯೋಜನ

ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಹೇಳುವುದು ನಮ್ಮ ಪೂರ್ವಿಕರ ಪದ್ಧತಿ. ಪ್ರಕೃತ ವಿಷಯವು ಹೊಸದಾದರೂ ಆ ಪದ್ಧತಿಯನ್ನೇ ಅನುಸರಿಸುವುದು ಉಚಿತವೆಂದು ತೋರುತ್ತದೆ. ಕೃತಕ ಬುದ್ಧಿಮತ್ತೆಯ ಏಜೆಂಟುಗಳು ಕ್ಲೌಡ್ ಸಂಗ್ರಹದಲ್ಲಿ ಹೊಸ ಕಡತವನ್ನು ಸೃಷ್ಟಿಸುವುದಕ್ಕೆ ಬಳಸುವ ಉಪಕರಣ, ಆ ಉಪಕರಣಕ್ಕೆ ಬರೆಯಬೇಕಾದ ವಿವರಣೆ, ಇವು ಇಲ್ಲಿಯ ವಿಷಯ. ವಿವರಣೆ ಸರಿಯಾಗಿದ್ದರೆ ದಾಖಲೆಗಳು ಹೇಗೆ ಉಳಿಯುವುವು, ಕೆಟ್ಟಿದ್ದರೆ ಹೇಗೆ ಕಲಸಿಹೋಗುವುವು ಎಂಬುದನ್ನು ತೋರಿಸುವುದು ಪ್ರಯೋಜನ. ಅಧಿಕಾರಿಗಳು ಯಾರೆಂದರೆ, ಯಂತ್ರಜ್ಞರು ಮಾತ್ರವಲ್ಲ, ಭಾಷೆಯನ್ನು ಓದಿಸುವ ಉಪಾಧ್ಯಾಯರೂ ಗ್ರಂಥಸಂಪಾದನೆ ಮಾಡುವ ವಿದ್ವಾಂಸರೂ ಅಧಿಕಾರಿಗಳೇ. ಏಕೆಂದರೆ ಇಲ್ಲಿ ಕೆಲಸವನ್ನು ಕೆಡಿಸುವುದೂ ಸರಿಪಡಿಸುವುದೂ ಬಹುಮಟ್ಟಿಗೆ ವಾಕ್ಯವೇ.

ಪಾರಿಭಾಷಿಕ ಶಬ್ದಗಳನ್ನು ಮೊದಲು ತಿಳಿಸುತ್ತೇನೆ. ನಮ್ಮ ಮನೆಯ ಅಥವಾ ಕಚೇರಿಯ ಯಂತ್ರದಲ್ಲಿ ಅಲ್ಲದೆ, ದೂರದ ಸಂಸ್ಥೆಯೊಂದರ ಯಂತ್ರಗಳಲ್ಲಿ ಅಂತರ್ಜಾಲದ ಮೂಲಕ ಕಡತಗಳನ್ನಿರಿಸುವ ವ್ಯವಸ್ಥೆಗೆ ಕ್ಲೌಡ್ ಸಂಗ್ರಹವೆಂದು ಹೆಸರು. ಭಾಷಾಮಾದರಿಯೆಂಬ ಯಂತ್ರವು ಸ್ವತಃ ಮಾಡಬಲ್ಲದ್ದು ಮಾತಿಗೆ ಮಾತು ಜೋಡಿಸುವುದಷ್ಟೆ. ಅದಕ್ಕೆ ಕೆಲವು ಉಪಕರಣಗಳನ್ನು ಒದಗಿಸಿ, ಒಂದು ಉದ್ದೇಶವನ್ನು ಹೇಳಿ, ಯಾವ ಹೆಜ್ಜೆಯಲ್ಲಿ ಯಾವ ಉಪಕರಣವನ್ನು ಬಳಸಬೇಕೆಂಬುದನ್ನು ಅದರ ನಿರ್ಣಯಕ್ಕೆ ಬಿಟ್ಟಾಗ ಅದು ಏಜೆಂಟು ಎನಿಸಿಕೊಳ್ಳುತ್ತದೆ. ಏಜೆಂಟು ತಾನಾಗಿ ಕಡತವನ್ನು ಬರೆಯಲಾರದು. ‘ಇಂಥ ಉಪಕರಣವನ್ನು ಇಂಥ ಅಂಶಗಳೊಡನೆ ನಡೆಸಬೇಕು’ ಎಂದು ಅದು ನುಡಿಯುತ್ತದೆ. ಬೇರೊಂದು ಕಾರ್ಯಕ್ರಮವು ಆ ನುಡಿಯನ್ನು ಕಾರ್ಯರೂಪಕ್ಕೆ ತರುತ್ತದೆ.

೨. ವಿವರಣೆಯೇ ಪ್ರಮಾಣ

ಮನುಷ್ಯನಾದ ಗುಮಾಸ್ತನು ಹೊಸ ಕಚೇರಿಗೆ ಬಂದರೆ ಬೀರುವನ್ನು ಕಣ್ಣಿನಿಂದ ನೋಡುತ್ತಾನೆ, ಪಕ್ಕದವರನ್ನು ಕೇಳುತ್ತಾನೆ, ಹಳೆಯ ಕಡತಗಳನ್ನು ತಿರುವಿಹಾಕಿ ಪದ್ಧತಿಯನ್ನು ಊಹಿಸುತ್ತಾನೆ. ಅವನಿಗೆ ಪ್ರತ್ಯಕ್ಷ, ಅನುಮಾನ, ಶಬ್ದ ಮೂರೂ ಉಂಟು. ಏಜೆಂಟಿಗಾದರೋ ಉಪಕರಣದ ವಿಷಯದಲ್ಲಿ ಆರಂಭಕ್ಕೆ ಇರುವುದು ಶಬ್ದಪ್ರಮಾಣವೊಂದೇ. ಉಪಕರಣದ ಒಳಗಿನ ರಚನೆ ಅದಕ್ಕೆ ಕಾಣುವುದಿಲ್ಲ. ಹೆಸರು, ನಾಲ್ಕಾರು ಸಾಲುಗಳ ವಿವರಣೆ, ಕೊಡಬೇಕಾದ ಅಂಶಗಳ ಪಟ್ಟಿ ಇಷ್ಟೇ ಕಾಣುವುದು. ೨೦೨೪ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆಯು ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ಸಂಪರ್ಕನಿಯಮದಲ್ಲಿಯೂ ಉಪಕರಣದ ಸ್ವರೂಪವನ್ನು ಹೀಗೆಯೇ ನಿರ್ದೇಶಿಸಿದೆ.

ಹೀಗಿರಲಾಗಿ, ಸಾಮಾನ್ಯ ಯಂತ್ರದ ಕೈಪಿಡಿಗೂ ಈ ವಿವರಣೆಗೂ ದೊಡ್ಡ ಭೇದವಿದೆ. ಕೈಪಿಡಿಯನ್ನು ಓದದೆಯೂ ಯಂತ್ರವನ್ನು ನಡೆಸುವವರುಂಟು. ಇಲ್ಲಿ ವಿವರಣೆಯನ್ನು ಓದದೆ ಏಜೆಂಟು ಉಪಕರಣವನ್ನು ಮುಟ್ಟುವುದಿಲ್ಲ. ಓದಿದ್ದನ್ನು ಬಿಟ್ಟು ಬೇರೇನನ್ನೂ ಅರಿಯದು. ವಿವರಣೆಯಲ್ಲಿ ಹೇಳದೆ ಬಿಟ್ಟದ್ದನ್ನು ಅದು ತನ್ನ ಊಹೆಯಿಂದ ಅಧ್ಯಾಹಾರ ಮಾಡಿಕೊಳ್ಳುತ್ತದೆ. ಆ ಊಹೆ ಬಹುಸಲ ಸರಿಯಾಗಿರಬಹುದು. ಸರಿಯಾಗದ ಸಲ ಕಡತವು ತಪ್ಪು ಸ್ಥಳದಲ್ಲಿಯೋ, ಎರಡು ಪ್ರತಿಗಳಾಗಿಯೋ, ಬೇರೊಂದು ಕಡತವನ್ನು ಅಳಿಸಿಯೋ ಹುಟ್ಟುತ್ತದೆ. ಆದುದರಿಂದ ವಿವರಣೆಯನ್ನು ಉಪಕರಣಕ್ಕೆ ಅಂಟಿಸಿದ ಚೀಟಿಯೆಂದು ಭಾವಿಸದೆ ಉಪಕರಣದ ಅಂಗವೆಂದೇ ಭಾವಿಸತಕ್ಕದ್ದು. ಈ ಲೇಖನದ ಮುಖ್ಯ ಪ್ರತಿಪಾದ್ಯವಿದು.

೩. ಒಂದು ದೃಷ್ಟಾಂತ

ಅಮೂರ್ತವಾದ ಮಾತು ಬೇಗ ಮನಸ್ಸಿಗೆ ಹತ್ತುವುದಿಲ್ಲ. ಬೆಂಗಳೂರು ಗ್ರಾಮಾಂತರ ಪ್ರದೇಶದ ಶಾಸನಗಳನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ೯ನೆಯ ಸಂಪುಟವು ೧೯೦೫ರಲ್ಲಿ ಪ್ರಕಟವಾಯಿತು. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಗ್ರಹವಾದ ಅದರಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳೂ ಸೇರಿವೆ. ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನೊಡನೆ ಒಂದು ಸಂಖ್ಯೆಯನ್ನು ಕೊಟ್ಟಿರುವುದು ಅಲ್ಲಿಯ ಕ್ರಮ. ವಿದ್ವಾಂಸರು ಇಂದಿಗೂ ತಾಲ್ಲೂಕಿನ ಸಂಕ್ಷೇಪಾಕ್ಷರಗಳನ್ನೂ ಆ ಸಂಖ್ಯೆಯನ್ನೂ ಬರೆದು ಶಾಸನವನ್ನು ನಿರ್ದೇಶಿಸುತ್ತಾರೆ.

ಆ ಸಂಪುಟ ಪ್ರಕಟವಾದ ಮೇಲೆ ಹೆಸರುಗಳು ಎಷ್ಟೋ ಸಲ ಬದಲಾದುವು. ಅದರಲ್ಲಿ ಕ್ಲೋಸ್‌ಪೇಟೆಯೆಂದಿರುವುದು ಇಂದಿನ ರಾಮನಗರ. ಕಾನಕಾನಹಳ್ಳಿಯೆಂದಿರುವುದು ಇಂದಿನ ಕನಕಪುರ. ೧೯೮೬ರಲ್ಲಿ ಬೆಂಗಳೂರು ಜಿಲ್ಲೆಯು ನಗರ, ಗ್ರಾಮಾಂತರ ಎಂದು ಎರಡಾಯಿತು. ೨೦೦೭ರಲ್ಲಿ ಗ್ರಾಮಾಂತರದಿಂದ ರಾಮನಗರ ಜಿಲ್ಲೆಯು ಬೇರೆಯಾಯಿತು. ೨೦೧೪ರಲ್ಲಿ ಬೆಂಗಳೂರಿನ ಇಂಗ್ಲಿಷ್ ಕಾಗುಣಿತವೇ ಬದಲಾಯಿತು. ೨೦೨೫ರ ಜುಲೈನಲ್ಲಿ ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ರಾಜ್ಯದ ಸಚಿವ ಸಂಪುಟವು ತೀರ್ಮಾನಿಸಿತು. ಇಷ್ಟಾದರೂ ೧೯೦೫ರ ಸಂಖ್ಯೆಯನ್ನು ಹಿಡಿದು ಹೋದವನಿಗೆ ಶಾಸನಪಾಠವು ಇಂದಿಗೂ ತಪ್ಪದೆ ಸಿಕ್ಕುತ್ತದೆ. ಹೆಸರು ಬೇರೆ, ಗುರುತು ಬೇರೆ ಎಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿದೆ. ಮುಂದೆ ಇದು ಉಪಯೋಗಕ್ಕೆ ಬರುವುದು.

ಈ ಶಾಸನಗಳ ಯಂತ್ರರೂಪದ ದಾಖಲೆಯು ಈಗಾಗಲೇ ನಡೆಯುತ್ತಿರುವ ಕಾರ್ಯ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ಈ ಪ್ರದೇಶದ ಶಿಲಾಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನಿಂಗಿನಿಂದ ದಾಖಲಿಸುವ ಕಾರ್ಯವನ್ನು ಕೈಗೊಂಡಿದೆ. ಊರು ಬೆಳೆದು ಬಡಾವಣೆಗಳೂ ರಸ್ತೆಗಳೂ ಆದ ಕಡೆ ಕೆಲವು ಕಲ್ಲುಗಳು ಸ್ಥಳದಿಂದ ಕದಲಿವೆ, ಕೆಲವು ಕಾಣೆಯಾಗಿವೆ. ಹಾಗಾದಾಗ ದಾಖಲೆಯೊಂದೇ ಸಾಕ್ಷಿಯಾಗಿ ಉಳಿಯುತ್ತದೆ. ಈಗ ವಿದ್ವಾಂಸರೊಬ್ಬರು ‘ಈ ನಾಲ್ಕು ತಾಲ್ಲೂಕುಗಳ ಒಂದೊಂದು ಶಾಸನಕ್ಕೂ ಒಂದೊಂದು ಕಡತವನ್ನು ಕ್ಲೌಡಿನಲ್ಲಿ ಸೃಷ್ಟಿಸು’ ಎಂದು ಒಂದು ಏಜೆಂಟಿಗೆ ಅಪ್ಪಣೆ ಮಾಡುತ್ತಾರೆಂದು ಕಲ್ಪಿಸಿಕೊಳ್ಳೋಣ. ಇದು ಕೇವಲ ದೃಷ್ಟಾಂತಕ್ಕಾಗಿ ಮಾಡಿದ ಕಲ್ಪನೆ. ಈ ಏಜೆಂಟಿನ ಕೈಯಲ್ಲಿರುವ ಕಡತಸೃಷ್ಟಿಯ ಉಪಕರಣಕ್ಕೆ ವಿವರಣೆ ಹೇಗಿರಬೇಕು?

೪. ಅಂಶಗಳ ನಿರ್ಣಯಕ್ಕೆ ಕಾರಕಗಳು

ಕ್ರಿಯಾಪದವೊಂದು ಪೂರ್ಣಾರ್ಥವನ್ನು ಕೊಡಬೇಕಾದರೆ ಅದರ ಕಾರಕಾಕಾಂಕ್ಷೆಯು ತೀರಬೇಕು. ‘ಸೃಷ್ಟಿಸು’ ಎಂದೊಡನೆ ಯಾರು, ಏನನ್ನು, ಯಾವುದರಿಂದ, ಯಾರಿಗೆ, ಎಲ್ಲಿಂದ, ಎಲ್ಲಿ ಎಂಬ ಪ್ರಶ್ನೆಗಳೇಳುತ್ತವೆ. ಉಪಕರಣಕ್ಕೆ ಬೇಕಾದ ಅಂಶಗಳನ್ನು ಗೊತ್ತುಮಾಡುವುದಕ್ಕೆ ಈ ಪ್ರಶ್ನೆಗಳಿಗಿಂತ ಉತ್ತಮವಾದ ಸಾಧನವು ನನಗೆ ಕಾಣುವುದಿಲ್ಲ.

ಕರ್ತೃ. ಏಜೆಂಟು ಪ್ರಯೋಜ್ಯಕರ್ತೃ, ಅದನ್ನು ನಿಯೋಗಿಸಿದ ಮನುಷ್ಯನು ಪ್ರಯೋಜಕಕರ್ತೃ. ಯಾರ ಖಾತೆಯ ಅಧಿಕಾರದಿಂದ ಕಡತ ಹುಟ್ಟುತ್ತದೆ, ಹುಟ್ಟಿದ ಮೇಲೆ ಅದರ ಒಡೆತನ ಯಾರದು ಎಂಬುದನ್ನು ವಿವರಣೆಯು ಹೇಳಬೇಕು.

ಕರ್ಮ. ಸೃಷ್ಟಿಯಾಗಬೇಕಾದುದು ಕಡತ. ಅದಕ್ಕೆ ಹೆಸರು, ಬಗೆ, ಒಡಲು ಎಂಬ ಮೂರು ಅಂಶಗಳುಂಟು. ಸಾದಾ ಪಠ್ಯವೋ, ಚಿತ್ರವೋ, ಕೋಷ್ಟಕವೋ ಎಂಬ ಬಗೆಯನ್ನು ಏಜೆಂಟು ಊಹಿಸುವಂತೆ ಬಿಡದೆ, ಒಪ್ಪಿಗೆಯಾದ ಬಗೆಗಳನ್ನು ಎಣಿಸಿ ಪಟ್ಟಿಮಾಡಬೇಕು. ಗಾತ್ರಕ್ಕೂ ಮಿತಿಯುಂಟು. ಗೂಗಲ್ ಡ್ರೈವಿನಲ್ಲಿ ೫ ಮೆಗಾಬೈಟಿನವರೆಗಿನ ಕಡತಗಳನ್ನು ಒಂದೇ ಸಲಕ್ಕೆ ಕಳುಹಿಸುವ ಕ್ರಮವಿದೆ. ಅದಕ್ಕೂ ದೊಡ್ಡವನ್ನು ತುಂಡುತುಂಡಾಗಿ, ನಡುವೆ ಕಡಿದರೆ ಮುಂದುವರಿಸಬಹುದಾದ ಕ್ರಮದಲ್ಲಿ ಕಳುಹಿಸಬೇಕು. ಶಾಸನಪಾಠವು ಮೊದಲನೆಯ ಕ್ರಮಕ್ಕೆ ಧಾರಾಳವಾಗಿ ಒಳಪಡುತ್ತದೆ. ಮೂರು ಆಯಾಮದ ಸ್ಕ್ಯಾನು ಸಾಮಾನ್ಯವಾಗಿ ಒಳಪಡುವುದಿಲ್ಲ.

ಕರಣ. ಉಪಕರಣವೇ ಕರಣ. ಇದರ ಹೆಸರು ಕ್ರಿಯೆಯನ್ನು ಸ್ಪಷ್ಟವಾಗಿ ಸೂಚಿಸಬೇಕು. ‘ಕಡತನಿರ್ವಹಣೆ’ ಎಂಬ ಹೆಸರಿನಿಂದ ಸೃಷ್ಟಿಯೋ, ತಿದ್ದುಪಡಿಯೋ, ಲೋಪವೋ ತಿಳಿಯುವುದಿಲ್ಲ; ‘ಕಡತಸೃಷ್ಟಿ’ ಎಂಬುದರಿಂದ ತಿಳಿಯುತ್ತದೆ.

ಸಂಪ್ರದಾನ. ಕಡತವು ಯಾರ ಓದಿಗಾಗಿ? ಡ್ರೈವಿನಲ್ಲಿ ಹೊಸ ಕಡತವು ತಾನಿರುವ ಫೋಲ್ಡರಿನ ಹಂಚಿಕೆಯನ್ನು ಪಡೆಯುತ್ತದೆ. ಫೋಲ್ಡರು ಲೋಕಕ್ಕೆಲ್ಲ ತೆರೆದಿದ್ದರೆ ಕಡತವೂ ತೆರೆದೇ ಹುಟ್ಟುವುದು. ಪ್ರಕಟವಾಗದ ಪಾಠವನ್ನೋ, ಕಲ್ಲಿರುವ ಜಮೀನಿನ ಒಡೆಯರ ವಿವರವನ್ನೋ ಅಂಥ ಸ್ಥಳದಲ್ಲಿ ಇರಿಸುವುದು ಅನರ್ಥಕ್ಕೆ ಕಾರಣ. ‘ಹಂಚಿಕೆ’ ಎಂಬ ಅಂಶವೇ ಉಪಕರಣದಲ್ಲಿಲ್ಲದಿದ್ದರೂ ಹಂಚಿಕೆಯು ನಡೆದುಹೋಗುತ್ತದೆ ಎಂಬುದನ್ನು ವಿವರಣೆಯಲ್ಲಿ ಹೇಳಲೇಬೇಕು.

ಅಪಾದಾನ. ಕಡತದ ಒಡಲು ಎಲ್ಲಿಂದ ಬಂದುದು? ೧೯೦೫ರ ಮುದ್ರಿತ ಪಾಠದಿಂದಲೋ, ಕಲ್ಲಿನ ಛಾಯಾಚಿತ್ರದಿಂದಲೋ, ಏಜೆಂಟು ತಾನೇ ಊಹಿಸಿ ತುಂಬಿದ ಅಕ್ಷರಗಳಿಂದಲೋ? ಸಾಧಾರಣ ಕಡತೋಪಕರಣಗಳಲ್ಲಿ ಈ ಅಂಶವಿರುವುದಿಲ್ಲ. ಶಾಸನಕ್ಕೆ ಇದು ಪ್ರಾಣಪ್ರಾಯ. ಸವೆದುಹೋದ ಅಕ್ಷರವನ್ನು ಸಂಪಾದಕನು ಊಹಿಸಿದಾಗ ಆವರಣಚಿಹ್ನೆಯೊಳಗಿಡುವನಷ್ಟೆ. ಯಂತ್ರದ ಊಹೆಯು ಆ ಚಿಹ್ನೆಯಿಲ್ಲದೆ ಮೂಲಪಾಠದೊಳಗೆ ಸೇರಿದರೆ ಮುಂದಿನ ತಲೆಮಾರಿಗೆ ಅದು ಕಲ್ಲಿನ ಮಾತಾಗಿಯೇ ತೋರುವುದು. ಆದುದರಿಂದ ‘ಮೂಲ’ ಎಂಬ ಅಂಶವನ್ನು ಕಡ್ಡಾಯವಾಗಿ ಸೇರಿಸತಕ್ಕದ್ದು.

ಅಧಿಕರಣ. ಯಾವ ಫೋಲ್ಡರಿನಲ್ಲಿ? ಡ್ರೈವಿನಲ್ಲಿ ಫೋಲ್ಡರನ್ನು ಹೇಳದಿದ್ದರೆ ಕಡತವು ಖಾತೆಯ ಮೂಲಸ್ಥಾನದಲ್ಲಿ ಬಂದು ಬೀಳುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ. ಒಂದು ಕಡತ ಅಲ್ಲಿ ಬಿದ್ದರೆ ಹುಡುಕಿ ತೆಗೆಯಬಹುದು, ನೂರಾರು ಕಡತಗಳು ಬಿದ್ದರೆ ಸಂಗ್ರಹವೇ ಚೆದರಿದಂತೆ. ಆಧಾರವಾದ ಸಂಗ್ರಹವು ಈ ಅಂಶವನ್ನು ಐಚ್ಛಿಕವೆಂದು ಬಿಟ್ಟಿದ್ದರೂ, ಏಜೆಂಟಿಗೆ ಕೊಡುವ ಉಪಕರಣದಲ್ಲಿ ಅದನ್ನು ಕಡ್ಡಾಯ ಮಾಡುವುದು ಲೇಸು.

೫. ಹೆಸರೂ ಗುರುತೂ

ಸಂಗ್ರಹಗಳಲ್ಲಿ ಎರಡು ಸಂಪ್ರದಾಯಗಳಿವೆ. ಗೂಗಲ್ ಡ್ರೈವಿನಲ್ಲಿ ಒಂದೇ ಫೋಲ್ಡರಿನೊಳಗೆ ಒಂದೇ ಹೆಸರಿನ ಎಷ್ಟು ಕಡತಗಳಾದರೂ ಇರಬಹುದು. ಅವುಗಳನ್ನು ಬೇರ್ಪಡಿಸುವುದು ಸಂಗ್ರಹವು ಕೊಡುವ ಗುರುತಿನ ಸಂಖ್ಯೆ. ಅಮೆಜಾನಿನ ಎಸ್-೩ ಸಂಗ್ರಹದಲ್ಲಾದರೋ ಹೆಸರೇ ಗುರುತು. ಅದೇ ಹೆಸರಿನಿಂದ ಮತ್ತೊಂದನ್ನು ಬರೆದರೆ ಹಿಂದಿನದರ ಸ್ಥಾನವನ್ನು ಹೊಸದು ಆಕ್ರಮಿಸುತ್ತದೆ. ಹಳೆಯ ಆವೃತ್ತಿಗಳನ್ನು ಉಳಿಸುವ ಏರ್ಪಾಡನ್ನು ಮೊದಲೇ ಮಾಡಿರದಿದ್ದರೆ ಹಿಂದಿನದು ಹೋದಂತೆಯೇ. ಮೊದಲನೆಯದರ ದೋಷ ದ್ವಿತ್ವ, ಎರಡನೆಯದರ ದೋಷ ಲೋಪ. ‘ಕಡತವನ್ನು ಸೃಷ್ಟಿಸುತ್ತದೆ’ ಎಂಬ ಒಂದೇ ವಾಕ್ಯವು ಎರಡು ಉಪಕರಣಗಳಿಗೂ ಒಪ್ಪುವುದಾದರೂ ಅದರ ಫಲವು ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು. ಆದುದರಿಂದ ‘ಅದೇ ಹೆಸರಿನ ಕಡತವು ಮೊದಲೇ ಇದ್ದರೆ ಏನಾಗುವುದು’ ಎಂಬುದಕ್ಕೆ ಉತ್ತರವಿಲ್ಲದ ವಿವರಣೆಯು ಅಪೂರ್ಣವೇ ಸರಿ. ೨೦೨೪ರ ಆಗಸ್ಟಿನಿಂದ ಎಸ್-೩ ಸಂಗ್ರಹದಲ್ಲಿ ‘ಅದೇ ಹೆಸರಿನದು ಇಲ್ಲದಿದ್ದರೆ ಮಾತ್ರ ಬರೆ’ ಎಂಬ ನಿಬಂಧನೆಯನ್ನು ಹಾಕುವ ಅವಕಾಶ ದೊರೆತಿದೆ. ಉಪಕರಣವನ್ನು ರಚಿಸುವವರು ಅದನ್ನು ಬಳಸಿಕೊಳ್ಳಬೇಕು.

ಇನ್ನು ಕನ್ನಡ ಲಿಪಿಗೇ ವಿಶೇಷವಾದ ಒಂದು ಕಷ್ಟವಿದೆ. ಯೂನಿಕೋಡ್ ಸಂಕೇತದಲ್ಲಿ ಒಕಾರದ ಗುಣಿತಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎಕಾರ, ಊಕಾರಗಳ ಚಿಹ್ನೆಗಳನ್ನು ಒಂದರ ಮುಂದೊಂದಿಟ್ಟೂ ಬರೆಯಬಹುದು. ಓಕಾರ, ಏಕಾರ, ಈಕಾರ, ಐಕಾರಗಳ ಚಿಹ್ನೆಗಳಿಗೂ ಇಂಥ ದ್ವೈವಿಧ್ಯವುಂಟು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ. ‘ಹೊಸಕೋಟೆ’ ಎಂಬುದನ್ನು ಕೂಡಿಸಿದ ರೂಪದಲ್ಲಿ ಬರೆದರೆ ೭ ಸಂಕೇತಗಳು. ಬಿಡಿಸಿದ ರೂಪದಲ್ಲಿ ೧೦. ಪ್ರಚಲಿತವಾದ ಯುಟಿಎಫ್-೮ ಬರೆಹದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ೩ ಬೈಟುಗಳಾದುದರಿಂದ ಮೊದಲನೆಯದು ೨೧ ಬೈಟು, ಎರಡನೆಯದು ೩೦ ಬೈಟು. ನಮ್ಮ ನಾಲ್ಕು ತಾಲ್ಲೂಕುಗಳ ಹೆಸರುಗಳನ್ನು ಪರೀಕ್ಷಿಸಿದರೆ ಹೊಸಕೋಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಮೂರರಲ್ಲಿಯೂ ಈ ಅಪಾಯವಿದೆ. ನೆಲಮಂಗಲವೊಂದರಲ್ಲಿ ಮಾತ್ರ ಇಲ್ಲ. ರೂಪಗಳನ್ನು ಸಮೀಕರಿಸದ ಸಂಗ್ರಹದಲ್ಲಿ ಬಿಡಿಸಿದ ರೂಪದ ಕಡತವನ್ನು ಕೂಡಿಸಿದ ರೂಪದಿಂದ ಹುಡುಕಿದರೆ ‘ಇಲ್ಲ’ ಎಂಬ ಉತ್ತರ ಬರುವುದು. ಏಜೆಂಟು ಅದನ್ನು ನಂಬಿ ಎರಡನೆಯ ಕಡತವನ್ನು ಸೃಷ್ಟಿಸುವುದು. ಆಮೇಲೆ ನೋಡುವ ವಿದ್ವಾಂಸರಿಗೆ ಒಂದೇ ಹೆಸರಿನ ಎರಡು ಕಡತಗಳು ಕಾಣುವುವು. ಕಾರಣವು ಮಾತ್ರ ಕಾಣದು.

ಇದಕ್ಕೆ ಪರಿಹಾರವು ಸುಲಭ. ಹೆಸರನ್ನು ಕೂಡಿಸಿದ ರೂಪಕ್ಕೆ ತಂದ ಮೇಲೆಯೇ ಬಳಸಬೇಕೆಂಬ ನಿಯಮವನ್ನು ಉಪಕರಣದೊಳಗೇ ಅಳವಡಿಸಿ, ವಿವರಣೆಯಲ್ಲಿಯೂ ಹೇಳಬೇಕು. ಅಂಕಿಗಳ ವಿಷಯದಲ್ಲಿಯೂ ನಿರ್ಣಯ ಅಗತ್ಯ. ಕನ್ನಡದ ಅಂಕಿಯೂ ಇಂಗ್ಲಿಷಿನ ಅಂಕಿಯೂ ಯಂತ್ರಕ್ಕೆ ಬೇರೆಬೇರೆ ಸಂಕೇತಗಳು. ೨ ಎಂಬುದನ್ನು ೦೦೨ ಎಂದು ಬರೆಯದಿದ್ದರೆ ಅಕ್ಷರಕ್ರಮದಲ್ಲಿ ಜೋಡಿಸುವಾಗ ೧೦ ಮೊದಲು, ೨ ಆಮೇಲೆ ಬರುತ್ತದೆ. ಹೆಸರಿನ ಉದ್ದಕ್ಕೂ ಮಿತಿಯುಂಟು. ಲಿನಕ್ಸಿನ ಬಹುತೇಕ ಕಡತವ್ಯವಸ್ಥೆಗಳಲ್ಲಿ ಹೆಸರು ೨೫೫ ಬೈಟುಗಳನ್ನು ಮೀರಬಾರದು, ಅರ್ಥಾತ್ ಕನ್ನಡದಲ್ಲಿ ೮೫ ಸಂಕೇತಗಳು. ಅರಸನ ಬಿರುದುಗಳನ್ನೆಲ್ಲ ಕಡತದ ಹೆಸರಿನಲ್ಲಿ ಸೇರಿಸಹೊರಟರೆ, ಕ್ಲೌಡಿನಿಂದ ಅಂಥ ಯಂತ್ರಕ್ಕೆ ಪ್ರತಿ ಇಳಿಸುವಾಗ ಅಡ್ಡಿ ಬರುವುದು. ಹೆಸರನ್ನು ಚಿಕ್ಕದಾಗಿಟ್ಟು, ತಾಲ್ಲೂಕು ಮತ್ತು ೧೯೦೫ರ ಸಂಖ್ಯೆಗಳನ್ನು ಗುರುತಾಗಿಟ್ಟುಕೊಂಡು, ಉಳಿದ ವಿವರಗಳನ್ನು ಒಡಲಿನಲ್ಲಿ ಬರೆಯುವುದು ಯುಕ್ತ. ಜಿಲ್ಲೆಯ ಹೆಸರು ಮತ್ತೆ ಬದಲಾದರೂ ಆ ಗುರುತು ಕದಲುವುದಿಲ್ಲ.

೬. ವಿಧಿಯೂ ನಿಷೇಧವೂ

ಲಕ್ಷಣವಾಕ್ಯಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ನೈಯಾಯಿಕರು ಹೇಳಿದ್ದಾರೆ. ಉಪಕರಣದ ವಿವರಣೆಗೂ ಇವೇ ದೋಷಗಳು. ‘ಶಾಸನಗಳನ್ನು ಉಳಿಸಲು ಈ ಉಪಕರಣವನ್ನು ಬಳಸು’ ಎಂದರೆ ಅತಿವ್ಯಾಪ್ತಿ. ಇರುವ ಕಡತದಲ್ಲಿ ಒಂದು ಅಕ್ಷರವನ್ನು ತಿದ್ದುವುದೂ ‘ಉಳಿಸುವುದೇ’ ಆದುದರಿಂದ ಏಜೆಂಟು ತಿದ್ದಬೇಕಾದಲ್ಲಿ ಹೊಸದನ್ನು ಸೃಷ್ಟಿಸುತ್ತದೆ. ‘ಶಿಲಾಶಾಸನದ ಕಡತಕ್ಕಾಗಿ ಮಾತ್ರ’ ಎಂದರೆ ಅವ್ಯಾಪ್ತಿ. ನೆಲಮಂಗಲ ತಾಲ್ಲೂಕಿನ ಮಣ್ಣೆಯಲ್ಲಿ ದೊರೆತ ತಾಮ್ರಪಟಗಳಿಗೆ ಕಡತವೇ ಹುಟ್ಟುವುದಿಲ್ಲ. ಬಗೆಗಳ ಪಟ್ಟಿಯಲ್ಲಿ ಉಪಕರಣಕ್ಕೆ ಶಕ್ಯವಲ್ಲದ ಬಗೆಯನ್ನು ಬರೆದರೆ ಅಸಂಭವ.

ಈ ದೋಷಗಳನ್ನು ನೀಗುವುದಕ್ಕೆ ವಿಧಿಯೊಡನೆ ನಿಷೇಧವನ್ನೂ ಹೇಳಬೇಕು. ಯಾವಾಗ ಬಳಸತಕ್ಕದ್ದು, ಯಾವಾಗ ಬಳಸತಕ್ಕದ್ದಲ್ಲ, ಬಳಸಬಾರದ ಸಂದರ್ಭದಲ್ಲಿ ಅದರ ಬದಲು ಯಾವ ಉಪಕರಣ, ಈ ಮೂರನ್ನೂ ಹೇಳಿದಾಗ ವಾಕ್ಯವು ಮುಗಿಯಿತು. ಬದಲಿ ಉಪಕರಣವನ್ನು ಹೇಳದೆ ಬರಿಯ ನಿಷೇಧವನ್ನು ಹೇಳಿದರೆ ಏಜೆಂಟು ಅಡ್ಡದಾರಿಯನ್ನು ಹುಡುಕುವ ಸಂಭವವುಂಟು. ಇನ್ನು ‘ಅತ್ಯುತ್ತಮವಾದ’, ‘ಸುಲಭವಾದ’, ‘ಅತಿವೇಗದ’ ಮುಂತಾದ ಸ್ತುತಿಶಬ್ದಗಳು ಮೀಮಾಂಸಕರ ಅರ್ಥವಾದದಂಥವು. ವೇದದಲ್ಲಿ ಅರ್ಥವಾದವು ವಿಧಿಗೆ ಪೋಷಕ. ಇಲ್ಲಿ ಅದು ಏಜೆಂಟನ್ನು ಅನಗತ್ಯವಾಗಿ ಉಪಕರಣದ ಕಡೆಗೆ ಸೆಳೆಯುವುದರಿಂದ ತ್ಯಾಜ್ಯ.

೭. ಫಲ, ವೈಫಲ್ಯ, ಸಂದೇಹ

ಉಪಕರಣವನ್ನು ನಡೆಸಿದ ಮೇಲೆ ಏಜೆಂಟಿಗೆ ಏನು ಮರಳಿ ಬರುವುದೆಂಬುದನ್ನೂ ವಿವರಿಸಬೇಕು. ಸಿದ್ಧಿಯಾದರೆ ಕಡತದ ಗುರುತಿನ ಸಂಖ್ಯೆ, ಅಂತಿಮವಾದ ಹೆಸರು, ಫೋಲ್ಡರು ಇಷ್ಟು ಬರಬೇಕು. ವೈಫಲ್ಯವಾದರೆ ಬರಿಯ ಸಂಖ್ಯಾಸಂಕೇತವು ಸಾಲದು. ಏನು ತಪ್ಪಿತು, ಏಜೆಂಟು ತಿದ್ದಿಕೊಳ್ಳಬಹುದಾದ ತಪ್ಪೇ, ಮನುಷ್ಯನನ್ನು ಕೇಳಬೇಕಾದುದೇ ಎಂಬುದನ್ನು ವಾಕ್ಯರೂಪದಲ್ಲಿ ಹೇಳಬೇಕು. ‘ಫೋಲ್ಡರು ಸಿಕ್ಕಲಿಲ್ಲ, ಫೋಲ್ಡರುಗಳ ಪಟ್ಟಿಯನ್ನು ನೋಡಿ ಸರಿಯಾದ ಗುರುತನ್ನು ಕೊಡತಕ್ಕದ್ದು’ ಎಂಬುದು ಉಪಯುಕ್ತವಾದ ದೋಷವಾಕ್ಯ.

ಮೂರನೆಯ ಗತಿಯೊಂದುಂಟು, ಅದೇ ಹೆಚ್ಚು ಅಪಾಯಕರವಾದುದು. ಅಪ್ಪಣೆಯು ಹೋಯಿತು, ಸಂಪರ್ಕವು ಕಡಿಯಿತು, ಉತ್ತರ ಬರಲಿಲ್ಲ. ಕಡತವು ಹುಟ್ಟಿತೋ ಇಲ್ಲವೋ ಸಂದೇಹ. ಏಜೆಂಟು ಮತ್ತೆ ಪ್ರಯತ್ನಿಸಿದರೆ ಎರಡು ಕಡತಗಳಾಗಬಹುದು. ಸುಮ್ಮನಾದರೆ ಒಂದೂ ಇಲ್ಲದಿರಬಹುದು. ‘ಮೊದಲು ಹುಡುಕಿ ನೋಡು’ ಎಂಬ ನಿಯಮವು ಒಳ್ಳೆಯದಾದರೂ ಸಾಲದು. ಎರಡು ಏಜೆಂಟುಗಳು ಒಂದೇ ಕ್ಷಣದಲ್ಲಿ ಹುಡುಕಿ, ಎರಡೂ ‘ಇಲ್ಲ’ ಎಂದು ತಿಳಿದು, ಎರಡೂ ಸೃಷ್ಟಿಸಬಹುದು. ಇದಕ್ಕೆ ಡ್ರೈವಿನಲ್ಲಿ ಒಂದು ಉಪಾಯವಿದೆ. ಗುರುತಿನ ಸಂಖ್ಯೆಯನ್ನು ಮುಂಚಿತವಾಗಿಯೇ ಪಡೆದು, ಅದನ್ನು ಕೊಟ್ಟು ಕಡತವನ್ನು ಸೃಷ್ಟಿಸಬಹುದು. ಕಡತವು ಮೊದಲ ಸಲವೇ ಹುಟ್ಟಿದ್ದರೆ ಎರಡನೆಯ ಪ್ರಯತ್ನಕ್ಕೆ ೪೦೯ ಎಂಬ ವಿರೋಧಸೂಚನೆ ಬರುತ್ತದೆ, ಎರಡನೆಯ ಕಡತವು ಹುಟ್ಟುವುದಿಲ್ಲ. ಗೂಗಲ್ ಡಾಕ್ಸ್ ಮುಂತಾದ ಅದರ ಸ್ವಂತ ಬಗೆಯ ಪತ್ರಗಳಿಗೆ ಈ ಉಪಾಯವು ಸಲ್ಲುವುದಿಲ್ಲವೆಂಬುದೂ ತಿಳಿದಿರಬೇಕು. ಹಾಗಾದುದರಿಂದ ಶಾಸನಪಾಠವನ್ನು ಸಾದಾ ಪಠ್ಯವಾಗಿ ಇರಿಸುವುದಕ್ಕೆ ಇನ್ನೊಂದು ಕಾರಣ ದೊರೆಯಿತು. ಒಂದೊಂದು ಶಾಸನಸಂಖ್ಯೆಗೂ ಒಂದೊಂದು ಗುರುತನ್ನು ಮೊದಲೇ ಗೊತ್ತುಮಾಡಿ ಪಟ್ಟಿಯನ್ನು ಇಟ್ಟುಕೊಂಡರೆ ಎಷ್ಟು ಸಲ ಪ್ರಯತ್ನಿಸಿದರೂ ಒಂದು ಶಾಸನಕ್ಕೆ ಒಂದೇ ಕಡತ.

೮. ಮಾದರಿಯ ವಿವರಣೆ

ಮೇಲಿನ ವಿಚಾರಗಳನ್ನು ಕೂಡಿಸಿ, ದೃಷ್ಟಾಂತದ ಉಪಕರಣಕ್ಕೆ ಒಂದು ವಿವರಣೆಯನ್ನು ಹೀಗೆ ಬರೆಯಬಹುದು.

ಹೆಸರು: ಕಡತಸೃಷ್ಟಿ. ಇದು ಕೊಟ್ಟ ಫೋಲ್ಡರಿನಲ್ಲಿ ಒಂದು ಶಾಸನಕ್ಕೆ ಒಂದು ಹೊಸ ಪಠ್ಯಕಡತವನ್ನು ಬಳಕೆದಾರರ ಖಾತೆಯಿಂದ ಸೃಷ್ಟಿಸುತ್ತದೆ. ಶಿಲಾಶಾಸನ, ತಾಮ್ರಪಟ ಎರಡಕ್ಕೂ ಸಲ್ಲುತ್ತದೆ. ಇರುವ ಕಡತವನ್ನು ತಿದ್ದುವುದಿಲ್ಲ, ಅಳಿಸುವುದಿಲ್ಲ. ತಿದ್ದುವುದಕ್ಕೆ ‘ಕಡತಪರಿಷ್ಕಾರ’ವನ್ನು ಬಳಸತಕ್ಕದ್ದು. ಕಡತವು ಫೋಲ್ಡರಿನ ಹಂಚಿಕೆಯನ್ನೇ ಪಡೆಯುವುದರಿಂದ, ಪ್ರಕಟಿಸಬಾರದ ವಿವರಗಳನ್ನು ತೆರೆದ ಫೋಲ್ಡರಿನಲ್ಲಿ ಇರಿಸತಕ್ಕದ್ದಲ್ಲ.

ಕಡ್ಡಾಯವಾದ ಅಂಶಗಳು: ಗುರುತು (ಪಟ್ಟಿಯಲ್ಲಿ ಶಾಸನಕ್ಕೆ ಮೊದಲೇ ಗೊತ್ತುಮಾಡಿದ್ದು), ಹೆಸರು (ತಾಲ್ಲೂಕು, ಅಡ್ಡಗೆರೆ, ಮೂರು ಸ್ಥಾನಗಳ ಕನ್ನಡ ಅಂಕಿ, ಉದಾಹರಣೆಗೆ ಹೊಸಕೋಟೆ-೦೦೭, ಕೂಡಿಸಿದ ಯೂನಿಕೋಡ್ ರೂಪ), ಫೋಲ್ಡರಿನ ಗುರುತು, ಮೂಲ (ಮುದ್ರಿತ, ಛಾಯಾಚಿತ್ರ, ಸ್ಕ್ಯಾನು ಇವುಗಳಲ್ಲೊಂದು), ಒಡಲು (ಊಹಿಸಿದ ಅಕ್ಷರಗಳು ಆವರಣದೊಳಗಿರತಕ್ಕದ್ದು).

ಸಿದ್ಧಿಯಾದರೆ ಗುರುತು, ಹೆಸರು, ಫೋಲ್ಡರುಗಳನ್ನು ಮರಳಿಸುತ್ತದೆ. ಗುರುತು ಈಗಾಗಲೇ ಬಳಕೆಯಲ್ಲಿದ್ದರೆ ‘ಮೊದಲೇ ಇದೆ’ ಎಂದು ತಿಳಿಸುತ್ತದೆ. ಆಗ ಹೊಸ ಗುರುತಿನಿಂದ ಪ್ರಯತ್ನಿಸತಕ್ಕದ್ದಲ್ಲ, ಇರುವ ಕಡತವನ್ನು ಓದಿ ನೋಡತಕ್ಕದ್ದು. ಉತ್ತರ ಬಾರದಿದ್ದರೆ ಅದೇ ಗುರುತಿನಿಂದ ಮತ್ತೆ ಪ್ರಯತ್ನಿಸಬಹುದು.

ಇದರಲ್ಲಿ ಅಲಂಕಾರವೇನೂ ಇಲ್ಲ. ಒಂದೊಂದು ವಾಕ್ಯವನ್ನು ತೆಗೆದುಹಾಕಿ ನೋಡಿದರೆ ಯಾವ ಅನರ್ಥವು ಒಳಹೊಗುವುದೆಂಬುದು ಹಿಂದಿನ ಪ್ರಕರಣಗಳಿಂದ ತಿಳಿಯುತ್ತದೆ. ತೆಗೆದರೂ ಏನೂ ಕೆಡದ ವಾಕ್ಯವಿದ್ದರೆ ಅದನ್ನು ತೆಗೆದೇಬಿಡಬೇಕು; ಏಜೆಂಟು ಸಾಮಾನ್ಯವಾಗಿ ಉಪಕರಣಗಳ ವಿವರಣೆಗಳನ್ನು ಹೊತ್ತುಕೊಂಡೇ ಕೆಲಸಮಾಡುವುದರಿಂದ ಅತಿವಿಸ್ತಾರವೂ ದೋಷವೇ.

೯. ವಿವರಣೆಯ ಮಿತಿ

ವಿವರಣೆ ಎಷ್ಟು ಚೆನ್ನಾಗಿದ್ದರೂ ಅದು ಬೇಲಿಯಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ವಿಧಿಯನ್ನು ಓದಿದವನೂ ಉಲ್ಲಂಘಿಸಬಹುದು, ಏಜೆಂಟೂ ಹಾಗೆಯೇ. ಮೇಲೆ ಹೇಳಿದ ಪ್ರೋಟೊಕಾಲಿನಲ್ಲಿ ‘ಈ ಉಪಕರಣವು ನಾಶಕಾರಿಯೇ’, ‘ಪುನಃ ನಡೆಸಿದರೆ ಫಲ ಬದಲಾಗುವುದೇ’ ಎಂಬುದನ್ನು ಗುರುತುಮಾಡುವ ಅವಕಾಶವಿದೆ. ಆದರೆ ಅವು ಸೂಚನೆಗಳು ಮಾತ್ರ, ನಂಬತಕ್ಕ ರಕ್ಷಣೆಗಳಲ್ಲವೆಂದು ಅಲ್ಲಿಯೇ ಎಚ್ಚರಿಸಿದೆ. ಆದುದರಿಂದ ಅಳಿಸುವ ಅಧಿಕಾರವನ್ನೇ ಏಜೆಂಟಿಗೆ ಕೊಡದಿರುವುದು, ತಾನು ಸೃಷ್ಟಿಸಿದ ಕಡತಗಳನ್ನು ಮಾತ್ರ ಮುಟ್ಟುವಂತೆ ಖಾತೆಯ ಅಧಿಕಾರವನ್ನು ಮಿತಗೊಳಿಸುವುದು, ಹಳೆಯ ಆವೃತ್ತಿಗಳನ್ನು ಉಳಿಸುವುದು ಇವೆಲ್ಲ ವ್ಯವಸ್ಥೆಯಲ್ಲಿಯೇ ಇರಬೇಕು. ವಿವರಣೆಯು ದಾರಿಯನ್ನು ತೋರಿಸುತ್ತದೆ, ಅಧಿಕಾರದ ಮಿತಿಯು ಹಳ್ಳಕ್ಕೆ ಬೀಳದಂತೆ ತಡೆಯುತ್ತದೆ. ಒಂದರಿಂದ ಇನ್ನೊಂದರ ಕೆಲಸವಾಗುವುದಿಲ್ಲ.

ಬರೆದ ವಿವರಣೆಯನ್ನು ಪರೀಕ್ಷಿಸದೆ ಬಿಡಬಾರದು. ನಾಲ್ಕು ತಾಲ್ಲೂಕುಗಳಿಂದ ಕೆಲವು ಶಾಸನಗಳನ್ನು ಆರಿಸಿ, ಬೇಕೆಂದೇ ತೊಡಕುಗಳನ್ನಿಟ್ಟು ಏಜೆಂಟಿಗೆ ಕೊಡಬೇಕು. ಒಂದರಲ್ಲಿ ಫೋಲ್ಡರನ್ನು ಹೇಳದೆ, ಒಂದರಲ್ಲಿ ಬಿಡಿಸಿದ ರೂಪದ ‘ದೇವನಹಳ್ಳಿ’ಯನ್ನು ಬರೆದು, ಒಂದರಲ್ಲಿ ತಿದ್ದುಪಡಿಯನ್ನೇ ಹೊಸ ಕೆಲಸವೆಂಬಂತೆ ಹೇಳಿ ನೋಡಬೇಕು. ಏಜೆಂಟು ಎಲ್ಲಿ ಮುಗ್ಗರಿಸಿತೋ ಅಲ್ಲಿ ವಿವರಣೆಯ ವಾಕ್ಯವನ್ನು ತಿದ್ದಬೇಕು. ಶಿಷ್ಯನು ತಪ್ಪು ತಿಳಿದುಕೊಂಡಾಗ ಪಾಠವನ್ನು ಮತ್ತೊಂದು ರೀತಿಯಲ್ಲಿ ಹೇಳಿನೋಡುವುದು ಉಪಾಧ್ಯಾಯರಿಗೆ ಅಭ್ಯಾಸವಾದ ಕ್ರಮವೇ ಅಲ್ಲವೆ?

೧೦. ಉಪಸಂಹಾರ

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಶೋಧಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶಾಸನಲೇಖನಕ್ಕಾಗಿ ಒಂದು ಪ್ರಕರಣವಿದೆ. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂಬ ಆರು ಗುಣಗಳನ್ನೂ ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ ಎಂಬ ಐದು ದೋಷಗಳನ್ನೂ ಅಲ್ಲಿ ಹೇಳಿದೆ. ದೂರದಲ್ಲಿರುವ ಅಧಿಕಾರಿಗೆ ಅರಸನು ಕಳುಹಿಸುವ ಪತ್ರಕ್ಕಾಗಿ ಆ ನಿಯಮಗಳು ಹುಟ್ಟಿದುವು. ಪತ್ರವನ್ನು ಓದುವವನು ಅರಸನ ಮುಖವನ್ನು ನೋಡಲಾರನು, ಅಭಿಪ್ರಾಯವನ್ನು ಕೇಳಲಾರನು; ಪತ್ರದಲ್ಲಿದ್ದುದನ್ನೇ ನಡೆಸುವನು. ಏಜೆಂಟಿನ ಸ್ಥಿತಿಯೂ ಬಹುಮಟ್ಟಿಗೆ ಹಾಗೆಯೇ ಇದೆ. ಮಾಧುರ್ಯ, ಔದಾರ್ಯಗಳನ್ನು ಇಲ್ಲಿ ಬಿಟ್ಟರೂ ಬಾಧಕವಿಲ್ಲ. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಸ್ಪಷ್ಟತ್ವ ಈ ನಾಲ್ಕನ್ನು ಬಿಟ್ಟರೆ ದಾಖಲೆಯು ನಿಲ್ಲುವುದಿಲ್ಲ.

ಇಂಥ ವಿವರಣೆಗಳನ್ನು ಈಗ ಬಹುತೇಕ ಯಂತ್ರಜ್ಞರೇ, ಅದೂ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅವರ ಶ್ರಮವು ಶ್ಲಾಘ್ಯವಾದುದು. ಆದರೆ ಗುಣಿತಾಕ್ಷರಗಳ ದ್ವೈವಿಧ್ಯ, ಅಂಕಿಗಳ ಲಿಪಿ, ಊಹಿಸಿದ ಪಾಠಕ್ಕೆ ಆವರಣ, ೧೯೦೫ರ ಸಂಖ್ಯೆಯ ಮಹತ್ತ್ವ ಇವು ಕನ್ನಡವನ್ನೂ ಶಾಸನಗಳನ್ನೂ ಬಲ್ಲವರಿಗೆ ತಿಳಿಯುವಂತೆ ಇತರರಿಗೆ ತಿಳಿಯುವುದು ಕಷ್ಟ. ಕನ್ನಡದ ದಾಖಲೆಗಳನ್ನು ಏಜೆಂಟುಗಳ ಕೈಗೆ ಒಪ್ಪಿಸುವ ಮೊದಲು ಪ್ರತಿಯೊಂದು ಉಪಕರಣದ ವಿವರಣೆಯನ್ನೂ ಭಾಷಾವಿದ್ವಾಂಸರೊಬ್ಬರು ಓದಿ ಒಪ್ಪಿಗೆ ಕೊಡುವ ಪದ್ಧತಿಯನ್ನು ಗ್ರಂಥಾಲಯಗಳೂ ಸಂಶೋಧನ ಸಂಸ್ಥೆಗಳೂ ಏರ್ಪಡಿಸುವುದು ಅವಶ್ಯಕ. ಪಾಠಶಾಲೆಗಳಲ್ಲಿ ಕಾರಕಪ್ರಕರಣವನ್ನು ಬೋಧಿಸುವವರು, ಮೇಲಿನಂಥ ಮಾದರಿಯನ್ನು ವಿದ್ಯಾರ್ಥಿಗಳ ಮುಂದಿಟ್ಟು, ಯಾವ ಕಾರಕದ ಆಕಾಂಕ್ಷೆ ತೀರಲಿಲ್ಲವೆಂದು ಕೇಳಿದರೆ, ವ್ಯಾಕರಣದ ಪ್ರಯೋಜನವು ಅವರಿಗೆ ಪ್ರತ್ಯಕ್ಷವಾಗಿ ಗೋಚರಿಸುವುದು.